ಪಾಸ್ಟರಿಗೆ ಹಾರ ಹಾಕಿದರೆ ಗೌರವ ಆಯ್ತಾ?

ಸಭೆ (ಚರ್ಚ್) ನಡೆಸುವವರನ್ನು ಗೌರವಿಸುವುದು, ಅವರಿಗಾಗಿ ಪ್ರಾರ್ಥಿಸುವುದು. ಈ ವಿಷಯದ ಮೇಲೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಪ್ರಶ್ನೆಗಿಂತ ದೂರು ಜಾಸ್ತಿ ಇತ್ತು. ಇರಲಿ, ದೂರನ್ನೂ ಬಿಟ್ಟಿಲ್ಲ. ಬರೆದವರ ಹೆಸರು ಮಾತ್ರ ತೆಗೆದಿದ್ದೇವೆ.

ಪ್ರಶ್ನೆ: ನಮ್ಮ ಅಯ್ಯನವರಿಗೆ (ಪಾಸ್ಟರಿಗೆ) ಟ್ರಾನ್ಸ್‌ಫರ್ ಆಗಿದೆ. ಬೀಳ್ಕೊಡುಗೆಗೆ ಕಮಿಟಿಯವರು ಆಳೆತ್ತರದ ಹಾರ, ಮೈಸೂರು ಪೇಟ, ಗೇಟಿನ ಮುಂದೆ ಫ್ಲೆಕ್ಸ್ ಎಂದೆಲ್ಲ ಪ್ಲಾನ್ ಮಾಡಿದ್ದಾರೆ. ಇಷ್ಟೆಲ್ಲ ಬೇಡ ಅಂದೆ. "ದೇವರ ಸೇವಕರಿಗೆ ಗೌರವ ಕೊಡೋದು ನಿಮಗೆ ಇಷ್ಟ ಇಲ್ವಾ?" ಅಂತ ನನ್ನನ್ನೇ ಕೇಳಿದರು. ನಾನು ಹೇಳಿದ್ದು ತಪ್ಪಾ? – ಓದುಗರು, ಗದಗ

ಉತ್ತರ: ತಪ್ಪಿಲ್ಲ. ಆದರೆ ಜಗಳ ಆಡುವಷ್ಟು ದೊಡ್ಡ ವಿಷಯವೂ ಅಲ್ಲ. ನಮ್ಮ ಕಡೆ ನಿವೃತ್ತರಾಗುವ ಮೇಷ್ಟ್ರಿಗೂ ಶಾಲು ಹೊದಿಸುತ್ತೇವೆ, ಅಯ್ಯನವರಿಗೆ ಒಂದು ಹಾರ ಹಾಕಿದರೆ ಯಾವ ಆಜ್ಞೆಯೂ ಮುರಿಯುವುದಿಲ್ಲ.

ಹಾರದ ಕಥೆ ಒಂದು ಬೈಬಲಿನಲ್ಲೇ ಇದೆ, ಅಪೊಸ್ತಲರ ಕೃತ್ಯಗಳು 14ನೇ ಅಧ್ಯಾಯ. ಲುಸ್ತ್ರ ಎಂಬ ಊರಿನಲ್ಲಿ ಹುಟ್ಟಿನಿಂದ ನಡೆಯಲಾಗದವನೊಬ್ಬ, ಯೇಸುವಿನ ಸಂದೇಶ ಸಾರುತ್ತಾ ಊರೂರು ತಿರುಗುತ್ತಿದ್ದ ಅಪೊಸ್ತಲ ಪೌಲನ ಮಾತಿಗೆ ಎದ್ದು ನಡೆದ. ಊರಿನವರು ಪೌಲ, ಬಾರ್ನಬರನ್ನು ದೇವರುಗಳೇ ಅಂದುಕೊಂಡರು. ಪೂಜಾರಿ ಎತ್ತುಗಳನ್ನೂ ಹಾರಗಳನ್ನೂ ಬಾಗಿಲಿಗೆ ತಂದ. ಇವರಿಬ್ಬರೂ ಬಟ್ಟೆ ಹರಿದುಕೊಂಡು, ನಾವೂ ನಿಮ್ಮ ಥರದ ಮನುಷ್ಯರೇ ಅಂತ ಕೂಗುತ್ತಾ ಜನರ ಮಧ್ಯೆ ಓಡಿದರು. ಅಷ್ಟಕ್ಕೇ ಓದು ನಿಲ್ಲಿಸಬೇಡಿ. ಬೇರೆ ಊರಿಂದ ಬಂದ ಕೆಲವರು ಕಿವಿ ಊದಿದರು, ಅದೇ ಲುಸ್ತ್ರದಲ್ಲಿ ಪೌಲನಿಗೆ ಕಲ್ಲು ಹೊಡೆದು, ಸತ್ತ ಅಂದುಕೊಂಡು ಊರ ಹೊರಗೆ ಎಳೆದು ಹಾಕಿದರು. ನಮ್ಮ ಸಭೆಗಳಲ್ಲೂ ಸ್ವಾಗತದ ದಿನ ಹಾರ ಹಿಡಿದ ಕೈಯೇ ಆರು ತಿಂಗಳಿಗೆ ಬಿಷಪ್ಪರಿಗೆ ದೂರು ಬರೆಯುವುದು ಹೊಸದೇನಲ್ಲ, ಅಲ್ವಾ?

ಥೆಸಲೊನೀಕದವರಿಗೆ ಪೌಲ ಬರೆದ ಮೊದಲ ಪತ್ರ (5:12–13) ನೋಡಿ. ನಿಮ್ಮ ನಡುವೆ ದುಡಿಯುವವರನ್ನು ಅವರ ಕೆಲಸದ ಸಲುವಾಗಿ ಪ್ರೀತಿಯಿಂದ ತುಂಬ ಗೌರವಿಸಿ ಅನ್ನುತ್ತಾನೆ. ಅಂದರೆ ಮೊದಲು ಅವರ ಕೆಲಸ ಏನು ಅಂತ ನಮಗೆ ಗೊತ್ತಿರಬೇಕು. ನಮಗೆ ಕಾಣುವುದು ಭಾನುವಾರದ ಒಂದೂವರೆ ಗಂಟೆ. ಉಳಿದ ವಾರವೆಲ್ಲ ಆಸ್ಪತ್ರೆ, ಮಣ್ಣು (ಶವಸಂಸ್ಕಾರ), ಗಂಡ ಹೆಂಡತಿ ಜಗಳ, ಯಾರದೋ ಮಗನಿಗೆ ಕಾಲೇಜಿಗೆ ಬೇಕಾದ ದೀಕ್ಷಾಸ್ನಾನದ ಸರ್ಟಿಫಿಕೇಟ್, ಕಮಿಟಿ ಮೀಟಿಂಗ್, ಬೈಕಿನಲ್ಲಿ ಹೋಗಿ ಬರಬೇಕಾದ ಎರಡು ಮೂರು ಹಳ್ಳಿ ಸಭೆಗಳು. ಫ್ಲೆಕ್ಸಿನ ದುಡ್ಡನ್ನು ಸಾಮಾನು ಸಾಗಿಸುವ ಲಾರಿಗೆ ಕೊಡಿ, ಉಳಿದರೆ ಹೊಸ ಊರಿನ ಶಾಲೆಯಲ್ಲಿ ಅವರ ಮಕ್ಕಳ ಫೀಸಿಗೆ. ಸಭೆಯ ಮುಂದೆ ಇಬ್ಬರು ಮೂವರು ಎದ್ದು, ನಮ್ಮ ಮನೆಯಲ್ಲಿ ಇಂಥ ಕಷ್ಟ ಬಂದಾಗ ನೀವು ಬಂದು ಕೂತಿದ್ದಿರಿ ಅಂತ ಹೆಸರಿಟ್ಟು ಹೇಳಿದರೆ ಆ ಪೇಟಕ್ಕಿಂತ ಅದು ಹೆಚ್ಚು ದಿನ ನೆನಪಿರುತ್ತದೆ.

ಪ್ರಶ್ನೆ: ಮನೆಯ ಪ್ರಾರ್ಥನೆಯಲ್ಲಿ "ಕರ್ತನೇ, ನಮ್ಮ ಪಾಸ್ಟರನ್ನೂ ಅವರ ಕುಟುಂಬವನ್ನೂ ಆಶೀರ್ವದಿಸು" ಅಂತ ದಿನಾ ಹೇಳುತ್ತೇನೆ. ಅಷ್ಟರ ಮೇಲೆ ಏನು ಹೇಳಬೇಕು ಅಂತಾನೇ ತೋಚುವುದಿಲ್ಲ. ಏನು ಕೇಳಬೇಕು? – ಕಾಲೇಜು ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಆ ಒಂದು ಸಾಲನ್ನೂ ಹೇಳದವರೇ ಜಾಸ್ತಿ ಇದ್ದಾರಮ್ಮ, ಅದನ್ನು ಬಿಡಬೇಡ.

ಏನು ಕೇಳಬೇಕು ಅನ್ನುವುದಕ್ಕೆ ಪೌಲನ ಪತ್ರಗಳೇ ಸಾಕು. ಆತ ಸಂಕೋಚವಿಲ್ಲದೆ ಪ್ರಾರ್ಥನೆ ಕೇಳುತ್ತಾನೆ, ಯಾವುದಕ್ಕಾಗಿ ಅಂತಲೂ ಬಿಡಿಸಿ ಹೇಳುತ್ತಾನೆ. ರೋಮಾಪುರದವರಿಗೆ ಬರೆದಾಗ (15:30–32) ಎರಡು ಚಿಂತೆ: ಯೂದಾಯದಲ್ಲಿ ನಂಬದವರ ಕೈಗೆ ಸಿಕ್ಕಿಬೀಳಬಾರದು, ಯೆರೂಸಲೇಮಿನ ಬಡವರಿಗೆ ಒಯ್ಯುತ್ತಿರುವ ಸಹಾಯ ಅಲ್ಲಿನ ವಿಶ್ವಾಸಿಗಳಿಗೆ ಒಪ್ಪಿಗೆಯಾಗಬೇಕು. ಎರಡನೆಯದನ್ನು ಗಮನಿಸಿದೆಯಾ? ಅಷ್ಟು ದೊಡ್ಡ ಅಪೊಸ್ತಲನಿಗೂ, ನಾನು ಮಾಡಿದ್ದು ನಮ್ಮವರಿಗೇ ಹಿಡಿಸುತ್ತದೋ ಇಲ್ಲವೋ ಅನ್ನುವ ಆತಂಕ ಇತ್ತು. ಕೊಲೊಸ್ಸೆಯವರಿಗೆ ಬರೆಯುವಾಗ ಅರ್ಥವಾಗುವ ಹಾಗೆ ಸ್ಪಷ್ಟವಾಗಿ ಮಾತಾಡಲು ಪ್ರಾರ್ಥನೆ ಕೇಳುತ್ತಾನೆ. ಎಫೆಸದವರಿಗೆ ಬರೆಯುವಾಗ ಸೆರೆಯಲ್ಲಿದ್ದಾನೆ, ಆದರೂ ಕೇಳುವುದು ಬಾಯಿ ತೆರೆಯುವ ಧೈರ್ಯ. ಹಾಗಂತ ಬಿಡುಗಡೆಯ ಆಸೆ ಇಲ್ಲದವನೇನಲ್ಲ. ಫಿಲೆಮೋನನಿಗೆ, ನಿಮ್ಮ ಪ್ರಾರ್ಥನೆಯಿಂದ ಬಂದರೂ ಬರುತ್ತೇನೆ, ನನಗೊಂದು ಕೋಣೆ ಸಿದ್ಧಮಾಡಿಡು ಅಂತ ಬರೆಯುತ್ತಾನೆ!

ಆದ್ದರಿಂದ ನಿನ್ನ ಪಾಸ್ಟರನ್ನೇ ಕೇಳು: "ಅಂಕಲ್, ಈ ವಾರ ನಿಮಗಾಗಿ ಏನು ಪ್ರಾರ್ಥಿಸಲಿ?" ಮೊದಲ ಸಲ "ಎಲ್ಲದಕ್ಕೂ ಪ್ರಾರ್ಥಿಸಮ್ಮ" ಅಂದು ನಕ್ಕು ಬಿಡುತ್ತಾರೆ. ಮುಂದಿನ ವಾರ ಮತ್ತೆ ಕೇಳು. ಎಲ್ಲರ ಪ್ರಾರ್ಥನಾ ವಿಜ್ಞಾಪನೆ ಅವರ ಹತ್ತಿರ ಬರುತ್ತದೆ, ಅವರದನ್ನು ಕೇಳುವವರೇ ಕಡಿಮೆ. ಎಷ್ಟೋ ಜನ ಸೇವಕರಿಗೆ ಈ ಪ್ರಶ್ನೆಗೆ ಉತ್ತರ ಹೇಳಿ ಅಭ್ಯಾಸವೇ ಇರುವುದಿಲ್ಲ.

ಅವರು ಹೇಳದಿದ್ದರೂ ಕೆಲವನ್ನು ನಾವೇ ಊಹಿಸಬಹುದು. ಶನಿವಾರ ಮಧ್ಯಾಹ್ನ ಮಣ್ಣಿಗೆ ಹೋಗಿ, ಸಂಜೆ ಒಂದು ಮದುವೆ ಮಾತುಕತೆಯಲ್ಲಿ ಕೂತು, ರಾತ್ರಿ ಹತ್ತಕ್ಕೆ ಪ್ರಸಂಗ ಸಿದ್ಧಮಾಡಲು ಕೂರುವ ಮನುಷ್ಯನಿಗೆ ಬೇಕಾದದ್ದು ತಲೆ ಓಡುವುದು ಮತ್ತು ಒಂದಿಷ್ಟು ನಿದ್ದೆ. ಸೋಮವಾರ ಇನ್ನೂ ಕಷ್ಟ. ಪ್ರವಾದಿ ಎಲೀಯ ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಗೆಲುವು ಕಂಡ ಮೇಲೆಯೇ ಅಡವಿಗೆ ಹೋಗಿ ಗಿಡದ ಕೆಳಗೆ ಕೂತು, ಸಾಕಪ್ಪಾ, ನನ್ನ ಪ್ರಾಣ ತೆಗೆದುಕೋ ಅಂದದ್ದು. ದೇವರು ಆತನಿಗೆ ಮೊದಲು ಉಪದೇಶ ಮಾಡಲಿಲ್ಲ. ಮಲಗಲು ಬಿಟ್ಟು, ರೊಟ್ಟಿ ನೀರು ಕೊಟ್ಟು, ಮತ್ತೆ ಮಲಗಲು ಬಿಟ್ಟ. ಇದನ್ನು ಓದಿದವರು ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಫೋನ್ ಮಾಡಿ ನಿನ್ನೆ ಕ್ವಾಯರ್ ಸರಿ ಇರಲಿಲ್ಲ ಅಂತ ಹೇಳಬಾರದು.

ಹಣ, ಹೊಗಳಿಕೆ, ಸಿಟ್ಟು, ಒಬ್ಬಂಟಿತನ – ಈ ನಾಲ್ಕರಲ್ಲಿ ಸೇವಕರು ಎಡವುವುದು ಜಾಸ್ತಿ. ಬಿದ್ದ ಮೇಲೆ ಮಾತಾಡಲು ಊರೆಲ್ಲ ಇರುತ್ತದೆ, ಬೀಳುವ ಮುಂಚೆ ಹೆಸರು ಹಿಡಿದು ಪ್ರಾರ್ಥಿಸು. ಅವರ ಹೆಂಡತಿಯನ್ನು ಮರೆಯಬೇಡ. ಸಂಬಳವಿಲ್ಲ, ಹುದ್ದೆ ಇಲ್ಲ, ಆದರೆ ಸಭೆಯ ಅರ್ಧ ಕೆಲಸ ಅಮ್ಮನವರದೇ. ಮಕ್ಕಳನ್ನೂ ಸೇರಿಸು, "ಪಾಸ್ಟರ್ ಮಗ ಆಗಿ ಹೀಗಾ?" ಅನ್ನಿಸಿಕೊಂಡೇ ಬೆಳೆಯುವ ಮಕ್ಕಳು ಅವು.

ಪ್ರಾರ್ಥಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ಗ್ಯಾರಂಟಿ ನಾನು ಕೊಡುವುದಿಲ್ಲ. ಅರಸ ಹೆರೋದನು ಅಪೊಸ್ತಲ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಸೆರೆಯಲ್ಲಿದ್ದ ಇನ್ನೊಬ್ಬ ಅಪೊಸ್ತಲ ಪೇತ್ರ ಮಾತ್ರ ನಾಲ್ಕು ನಾಲ್ಕು ಜನರ ನಾಲ್ಕು ಪಾಳಿ ಸಿಪಾಯಿಗಳ ಕಾವಲಿನಿಂದ ಹೊರಗೆ ಬಂದ. ಸಭೆಯವರು ಮಾರ್ಕನ ತಾಯಿ ಮರಿಯಳ ಮನೆಯಲ್ಲಿ ಪ್ರಾರ್ಥಿಸುತ್ತಿದ್ದರು. ಬಾಗಿಲು ತಟ್ಟಿದ್ದು ಪೇತ್ರನೇ ಅಂತ ರೋದೆ ಎಂಬ ಹುಡುಗಿ ಓಡಿ ಬಂದು ಹೇಳಿದರೆ, ನಿನಗೆ ಹುಚ್ಚು ಅಂದರು. ಪೇತ್ರ ಹೊರಗೆ ತಟ್ಟುತ್ತಲೇ ನಿಂತಿದ್ದ. ಅವರ ನಂಬಿಕೆ ಅಷ್ಟೇ ಇತ್ತು, ಆದರೂ ರಾತ್ರಿಯೆಲ್ಲ ಕೂತಿದ್ದರಲ್ಲ.

ಪ್ರಶ್ನೆ: ಕಟ್ಟಡದ ಫಂಡಿನ ಲೆಕ್ಕ ಕೊಡಿ ಅಂತ ಕೇಳಿದ್ದಕ್ಕೆ ನಮ್ಮ ಪಾಸ್ಟರ್ "ನನ್ನ ಅಭಿಷಿಕ್ತರನ್ನು (ದೇವರು ಆರಿಸಿಕೊಂಡವರನ್ನು) ಮುಟ್ಟಬೇಡಿ ಅಂತ ವಾಕ್ಯ ಹೇಳುತ್ತದೆ" ಎಂದು ಪುಲ್ಪಿಟ್ಟಿನಿಂದಲೇ ಹೇಳಿದರು. ನನ್ನ ಹೆಂಡತಿಗೆ ಈಗ ಶಾಪ ತಟ್ಟುತ್ತದೆ ಅಂತ ಭಯ. ಲೆಕ್ಕ ಕೇಳುವುದು ಅಗೌರವವೇ? – ಓದುಗರು, ಕಲಬುರಗಿ

ಉತ್ತರ: ಅಲ್ಲ. ನಿಮ್ಮ ಮನೆಯವರಿಗೆ ಧೈರ್ಯ ಹೇಳಿ.

ಆ ವಾಕ್ಯ ಕೀರ್ತನೆ 105ರಲ್ಲಿದೆ. ಪೂರ್ತಿ ಕೀರ್ತನೆಯನ್ನು ಇಬ್ಬರೂ ಕೂತು ಓದಿ. ಅಬ್ರಹಾಮ, ಇಸಾಕ, ಯಾಕೋಬರು ಬೆರಳೆಣಿಕೆಯ ಜನರಾಗಿ, ಸ್ವಂತ ನೆಲವಿಲ್ಲದೆ ದೇಶದಿಂದ ದೇಶಕ್ಕೆ ಅಲೆಯುತ್ತಿದ್ದಾಗ, ಅವರಿಗೆ ಕೇಡು ಮಾಡಬೇಡಿ ಅಂತ ದೇವರು ರಾಜರನ್ನು ಗದರಿಸಿದ ಮಾತು ಅದು. ಬಲವಿಲ್ಲದವರನ್ನು ಬಲವಿದ್ದವರಿಂದ ಕಾಪಾಡಿದ ಮಾತನ್ನು ಮೈಕ್ ಹಿಡಿದವರು ಲೆಕ್ಕ ಕೇಳಿದವರ ಬಾಯಿ ಮುಚ್ಚಿಸಲು ಬಳಸಿದರೆ ಅದು ಸುಮ್ನೆ ಅಡ್ಡದಾರಿ.

ಇನ್ನೊಂದು ಉದಾಹರಣೆ ತೆಗೆಯುತ್ತಾರೆ, ದಾವೀದ ತನ್ನನ್ನು ಕೊಲ್ಲಲು ಹುಡುಕುತ್ತಿದ್ದ ಅರಸ ಸೌಲನನ್ನು ಮುಟ್ಟಲಿಲ್ಲ ಅಂತ. ನಿಜ, ಕೊಲ್ಲಲಿಲ್ಲ. ಆದರೆ ಬಾಯಿ ಮುಚ್ಚಿಕೊಂಡೂ ಇರಲಿಲ್ಲ. ಗವಿಯಿಂದ ಹೊರಗೆ ಬಂದು, ಒಳಗೆ ತಾನು ಗುಟ್ಟಾಗಿ ಕತ್ತರಿಸಿಕೊಂಡಿದ್ದ ಅರಸನ ನಿಲುವಂಗಿಯ ಅಂಚನ್ನು ಕೈಯಲ್ಲಿ ಹಿಡಿದು ತೋರಿಸಿ, ನಾನು ನಿನಗೆ ತಪ್ಪು ಮಾಡಿಲ್ಲ, ನೀನು ನನ್ನ ಪ್ರಾಣ ತೆಗೆಯಲು ಬೇಟೆಯಾಡುತ್ತಿದ್ದೀ ಅಂತ ಸೌಲನ ಸೈನ್ಯಕ್ಕೂ ಕೇಳುವ ಹಾಗೆ ಹೇಳಿದ. ಹೇಳುವಾಗಲೂ "ನನ್ನ ಒಡೆಯಾ", "ಅಪ್ಪಾ" ಅಂದ. ಅಂತಿಯೋಕ್ಯದಲ್ಲಿ ಪೇತ್ರ ತಪ್ಪು ಮಾಡಿದಾಗ ಪೌಲ ಎಲ್ಲರ ಮುಂದೆ ಮುಖಾಮುಖಿ ಎದುರಿಸಿದ್ದು ಗಲಾತ್ಯದವರಿಗೆ ಬರೆದ ಪತ್ರದಲ್ಲೇ ಇದೆ. ಪೇತ್ರನಿಗಿಂತ ನಿಮ್ಮ ಪಾಸ್ಟರ್ ದೊಡ್ಡವರಲ್ಲ.

ಈಗ ಇನ್ನೊಂದು ಮಗ್ಗುಲು, ಇದು ನಿಮಗೆ ಅಷ್ಟು ರುಚಿಸದೇ ಇರಬಹುದು. ತಿಮೊಥೆಯನಿಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯದಲ್ಲಿ ಪೌಲ ಒಂದರ ಹಿಂದೆ ಒಂದು ಮೂರು ಮಾತು ಹೇಳುತ್ತಾನೆ. ಚೆನ್ನಾಗಿ ಸಭೆ ನಡೆಸುವ ಹಿರಿಯರಿಗೆ ಎರಡರಷ್ಟು ಗೌರವ ಕೊಡಿ. ಹಿರಿಯನ ಮೇಲಿನ ದೂರನ್ನು ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ತೆಗೆದುಕೊಳ್ಳಬೇಡಿ. ತಪ್ಪಿನಲ್ಲೇ ಇರುವವರನ್ನು ಎಲ್ಲರ ಮುಂದೆ ಗದರಿಸಿ. ನಮ್ಮಲ್ಲಿ ಒಬ್ಬೊಬ್ಬರು ಒಂದೊಂದನ್ನು ಆರಿಸಿಕೊಂಡಿದ್ದೇವೆ. ಹಿಂಬಾಲಕರಿಗೆ ಮೊದಲನೆಯದು ಸಾಕು, ವಿರೋಧಿಗಳಿಗೆ ಮೂರನೆಯದು ಸಾಕು, ನಡುವಿನದು ಯಾರಿಗೂ ಬೇಡ. ಹಾಗಾಗಿ ಲೆಕ್ಕ ಕೊಡಲಿಲ್ಲ ಅಂದ ಮಾತ್ರಕ್ಕೆ ದುಡ್ಡು ತಿಂದರು ಅಂತ ವಾಟ್ಸಾಪ್ ಗ್ರೂಪಿನಲ್ಲಿ ಬರೆಯಬೇಡಿ. ರಸೀದಿ ಪುಸ್ತಕವೇ ಸರಿ ಇಡದ ಸಭೆಗಳು ಬೇಕಾದಷ್ಟಿವೆ, ಅದು ಕಳ್ಳತನವಲ್ಲ, ಬೇಜವಾಬ್ದಾರಿ. ಇಬ್ಬರು ಮೂವರು ಹಿರಿಯರು ಸೇರಿ, ಸಭೆಯ ಖಜಾಂಚಿಯ ಮೂಲಕ, ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ ಮೇಲಿನ ಮಂಡಳಿಗೆ ಬರೆಯಿರಿ, ಬರೆದದ್ದರ ಒಂದು ಪ್ರತಿ ಪಾಸ್ಟರಿಗೂ ಕೊಡಿ. ಬೆನ್ನ ಹಿಂದೆ ಏನೂ ಬೇಡ.

ಪೌಲ ಸ್ವತಃ ಯೆರೂಸಲೇಮಿಗೆ ಕಾಣಿಕೆ ಒಯ್ಯುವಾಗ ಯಾರೂ ಬೆರಳು ತೋರಿಸಬಾರದು ಅಂತ ಸಭೆಗಳು ಆರಿಸಿದವರನ್ನು ಜೊತೆಗೆ ಕರೆದುಕೊಂಡು ಹೋದ (2 ಕೊರಿಂಥ 8:19–21). ನಂಬಿಗಸ್ತ ಸೇವಕ ಲೆಕ್ಕವನ್ನು ಕೇಳುವ ಮುಂಚೆಯೇ ಮೇಜಿನ ಮೇಲೆ ಇಡುತ್ತಾನೆ. ಇದನ್ನು ಓದುತ್ತಿರುವ ಪಾಸ್ಟರುಗಳಿಗೆ ಹೇಳುತ್ತಿದ್ದೇನೆ.

ಹಣಕ್ಕಿಂತ ಭಯಂಕರ ವಿಷಯವಾದರೆ, ಮಗುವಿಗೋ ಹೆಣ್ಣುಮಗಳಿಗೋ ಕೇಡಾಗಿದ್ದರೆ, ಮೇಲೆ ಹೇಳಿದ ಮೆಟ್ಟಿಲು ಹತ್ತುತ್ತಾ ಕೂರಬೇಡಿ. ನೇರ ಪೊಲೀಸರ ಹತ್ತಿರ ಹೋಗಿ. "ಸಭೆಯ ಹೆಸರು ಕೆಡುತ್ತದೆ" ಅನ್ನುವವರ ಮಾತು ಕೇಳಬೇಡಿ.

ಪ್ರಶ್ನೆ: ನಾವು ಕಥೋಲಿಕರು. ಪ್ರತಿ ಬಲಿಪೂಜೆಯಲ್ಲಿ (ಮಾಸ್) ಪೋಪ್ ಮತ್ತು ನಮ್ಮ ಬಿಷಪ್ಪರ ಹೆಸರು ಹೇಳಿ ಪ್ರಾರ್ಥಿಸುತ್ತೇವೆ. ಬೇರೆಯಾಗಿ ಮನೆಯಲ್ಲೂ ಮಾಡಬೇಕೆ? – ಓದುಗರು, ಮಂಗಳೂರು

ಉತ್ತರ: ಹೆಸರು ಹಿಡಿದು, ಪ್ರತಿ ಪೂಜೆಯಲ್ಲಿ, ತಪ್ಪದೆ – ಈ ಅಭ್ಯಾಸ ಎಲ್ಲ ಸಭೆಗಳೂ ಕಲಿಯಬೇಕಾದದ್ದು. ಆದರೆ ಆ ಸಾಲು ಬಂದಾಗ ನಾವು ಎಲ್ಲಿರುತ್ತೇವೆ ಅನ್ನುವುದು ನಮಗೇ ಗೊತ್ತು. 2013ರ ಮಾರ್ಚ್ 13ರ ಸಂಜೆ ಹೊಸದಾಗಿ ಆಯ್ಕೆಯಾದ ಪೋಪ್ ಫ್ರಾನ್ಸಿಸ್ ಬಾಲ್ಕನಿಗೆ ಬಂದಾಗ, ಜನರನ್ನು ಆಶೀರ್ವದಿಸುವ ಮುಂಚೆ, ಮೊದಲು ನೀವು ನನಗಾಗಿ ಪ್ರಾರ್ಥಿಸಿ ಅಂತ ತಲೆಬಾಗಿ ನಿಂತರು. ಅಷ್ಟು ದೊಡ್ಡ ಚೌಕ ಸ್ವಲ್ಪ ಹೊತ್ತು ನಿಶ್ಶಬ್ದವಾಯಿತು.

ನಿಮ್ಮ ವಿಚಾರಣೆಯ (ಪ್ಯಾರಿಷ್) ಗುರುಗಳಿಗಾದರೆ ಆಗಸ್ಟ್ 4 ಇದೆ, ಸಂತ ಜಾನ್ ವಿಯಾನಿಯ ಹಬ್ಬ. ಫ್ರಾನ್ಸಿನ ಆರ್ಸ್ ಎಂಬ ಸಣ್ಣ ಹಳ್ಳಿಯ ಗುರು, 1859ರಲ್ಲಿ ತೀರಿಕೊಂಡರು. ಪಾಪನಿವೇದನೆಗೆ ಜನ ದೂರದೂರದಿಂದ ಬರುತ್ತಿದ್ದರು, ಅವರಿಗೆ ಬಿಡುವೇ ಇರಲಿಲ್ಲ. ಈ ಕೆಲಸಕ್ಕೆ ನಾನು ಯೋಗ್ಯನಲ್ಲ, ಎಲ್ಲಾದರೂ ಮಠ ಸೇರುತ್ತೇನೆ ಅಂತ ಒಂದಕ್ಕಿಂತ ಹೆಚ್ಚು ಸಲ ಊರು ಬಿಟ್ಟು ಹೊರಟವರು ಅವರು! ಇವರನ್ನೇ ವಿಚಾರಣೆಯ ಗುರುಗಳ ಪಾಲಕ ಸಂತ ಅಂತ ಮಾಡಿದ್ದಾರೆ. ಆ ದಿನ ಕೇಕ್ ಕತ್ತರಿಸಿ, ಬೇಡ ಅನ್ನುವುದಿಲ್ಲ. ನಿಮ್ಮ ಫಾದರಿಗೂ ಓಡಿ ಹೋಗಬೇಕು ಅನ್ನಿಸಿರಬಹುದಾ ಅಂತಲೂ ಒಮ್ಮೆ ಯೋಚಿಸಿ.

ಪ್ರಶ್ನೆ: ನಮ್ಮದು ಸ್ವತಂತ್ರ ಸಭೆ, ಪಾಸ್ಟರಿಗೆ ಸಂಬಳ ಇಲ್ಲ. ಕಾಣಿಕೆಯಲ್ಲಿ ಉಳಿದದ್ದನ್ನು ಕೊಡುತ್ತೇವೆ. ಸಾಕಲ್ವಾ? ಪೌಲ ಗುಡಾರ ಹೊಲಿದು ಬದುಕಿದ್ದನಲ್ಲ? – ಓದುಗರು, ಕೋಲಾರ

ಉತ್ತರ: ಸಾಲದು. ಪೌಲ ಗುಡಾರ ಹೊಲಿದದ್ದು ಸಭೆಯಿಂದ ಜೀವನೋಪಾಯ ಪಡೆಯುವ ತನ್ನ ಹಕ್ಕನ್ನು ತಾನೇ ಬಿಟ್ಟು. ಆ ಹಕ್ಕು ಇದೆ ಅಂತ 1 ಕೊರಿಂಥ 9ರಲ್ಲಿ ಇಡೀ ಅಧ್ಯಾಯ ವಾದ ಮಾಡಿದ್ದಾನೆ, ಕಣದಲ್ಲಿ ತುಳಿಯುವ ಎತ್ತಿನ ಬಾಯಿ ಕಟ್ಟಬೇಡ ಅನ್ನುವ ಮೋಶೆಯ ಮಾತನ್ನೂ ತಂದು. ಬಿಟ್ಟುಕೊಡುವುದು ಅವನ ದೊಡ್ಡತನ, ನಾವು ಕಿತ್ತುಕೊಂಡು ಅದನ್ನು ಅವನ ದೊಡ್ಡತನ ಅನ್ನಲಾಗದು. ತಿಂಗಳಿಗೆ ಇಷ್ಟು ಅಂತ ಗೊತ್ತುಮಾಡಿ, ಒಂದನೇ ತಾರೀಕು ಕೊಡಿ. ಕರೆಂಟ್ ಬಿಲ್, ಸೌಂಡ್ ಸಿಸ್ಟಂ ಎಲ್ಲ ಆಮೇಲೆ. ಕುಟುಂಬಕ್ಕೆ ಒಂದು ಆರೋಗ್ಯ ವಿಮೆ ಮಾಡಿಸಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ನಮ್ಮ ಸಭೆಗೆ ಮೊದಲ ಸಲ ಮಹಿಳಾ ಸಭಾಪಾಲಕರು ಬಂದಿದ್ದಾರೆ. ಕೆಲವು ಹಿರಿಯರು ಅವರ ಕೈಯಿಂದ ಕರ್ತನ ಭೋಜನ (ಆರಾಧನೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಳ್ಳಲು ಹಿಂದೇಟು ಹಾಕುತ್ತಾರೆ. – ಓದುಗರು, ಮೈಸೂರು

ಉತ್ತರ: ನಿಮ್ಮದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ ಅಂತ ಬರೆದಿದ್ದೀರಿ. ಹಾಗಿದ್ದರೆ ಈ ಚರ್ಚೆ ನಿಮ್ಮಲ್ಲಿ ಯಾವಾಗಲೋ ಮುಗಿದಿದೆ. 2013ರಲ್ಲಿ ಪುಷ್ಪ ಲಲಿತಾ ಅವರು ನಂದ್ಯಾಲದ ಬಿಷಪ್ ಆದರು. ಪೌಲ ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯ ಶುರುವಾಗುವುದೇ ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆಯನ್ನು ತಕ್ಕ ಹಾಗೆ ಬರಮಾಡಿಕೊಳ್ಳಿ, ಬೇಕಾದ ಸಹಾಯ ಮಾಡಿ ಅನ್ನುವ ಮಾತಿನಿಂದ. ಹಿರಿಯರ ಜೊತೆ ವಾದಕ್ಕೆ ಇಳಿಯಬೇಡಿ. ಅವರ ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದಾಗ ಈ ಅಮ್ಮನೇ ಹೋಗಿ ಪ್ರಾರ್ಥಿಸುತ್ತಾರೆ, ಅಲ್ಲಿಗೆ ಎಷ್ಟೋ ಕರಗುತ್ತದೆ.

ಪ್ರಶ್ನೆ: ನಮ್ಮ ತಂದೆ ಹಳ್ಳಿಗಳಲ್ಲಿ ಉಪದೇಶಿಯಾಗಿ ಜೀವನ ಸವೆಸಿದರು. ಈಗ ಹಾಸಿಗೆ ಹಿಡಿದಿದ್ದಾರೆ. ಸಭೆಯಿಂದ ಯಾರೂ ಬರುವುದಿಲ್ಲ. ಇದನ್ನು ಬರೆಯುವುದು ಸರಿಯೋ ಇಲ್ಲವೋ ಗೊತ್ತಿಲ್ಲ. – ಓದುಗರು, ಧಾರವಾಡ ಜಿಲ್ಲೆ

ಉತ್ತರ: ಸರಿ, ಬರೆದದ್ದು ಒಳ್ಳೆಯದಾಯಿತು.

1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು ನಮಗೆ ನೆನಪಿದೆ. 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್ಲರಿಗೆ ಬೆಂಗಳೂರಿನಲ್ಲಿ ಪ್ರತಿಮೆಯೇ ಇದೆ. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದು, ಬಾಸೆಲ್ಲಿಗೆ ಹೋಗಿ ಓದಿ, ಬೋಧಕರಾಗಿ ಮರಳಿದ ಆನಂದರಾವ್ ಕೌಂಡಿನ್ಯರ ಹೆಸರು ಕೇಳಿದವರೇ ಕಡಿಮೆ. ಇನ್ನು ಕಾಲ್ನಡಿಗೆಯಲ್ಲಿ, ಸೈಕಲ್ಲಿನಲ್ಲಿ ಹಳ್ಳಿ ತಿರುಗಿದ ಉಪದೇಶಿಗಳು, ಮನೆ ಮನೆಗೆ ಹೋಗಿ ಬೈಬಲ್ ಹೇಳಿಕೊಡುತ್ತಿದ್ದ "ಬೈಬಲ್ ಸ್ತ್ರೀಯರು" ಎಷ್ಟು ಜನರೋ, ಫೋಟೋ ಕೂಡ ಇಲ್ಲ. ನಿಮಗೆ ದೇವರ ವಾಕ್ಯ ಹೇಳಿಕೊಟ್ಟವರನ್ನು ನೆನೆಯಿರಿ, ಅವರು ಹೇಗೆ ಬಾಳಿದರು ನೋಡಿ ಅವರ ನಂಬಿಕೆಯನ್ನು ಹಿಡಿಯಿರಿ ಅಂತ ಇಬ್ರಿಯರಿಗೆ ಬರೆದ ಪತ್ರ (13:7) ಹೇಳುವುದು ಇಂಥವರ ಬಗ್ಗೆಯೇ.

ಬರುವುದಿಲ್ಲ ಅಂತ ಸುಮ್ಮನೆ ಕೂರಬೇಡಿ, ಪಾಸ್ಟರಿಗೆ ಫೋನ್ ಮಾಡಿ ಹೇಳಿ. ಹೊಸದಾಗಿ ಬಂದವರಿಗೆ ಹಳೆಯ ಉಪದೇಶಿ ಯಾರು ಅಂತಲೇ ಗೊತ್ತಿರುವುದಿಲ್ಲ. ಕರ್ತನ ಭೋಜನವನ್ನು ಮನೆಗೆ ತರಲು ಕೇಳಿ. ಯುವಜನ ಸಂಘದವರಿಗೆ ಒಂದು ಮಾತು: ಮೊಬೈಲ್ ಹಿಡಿದು ಹೋಗಿ, ಅವರು ಯಾವ ಯಾವ ಹಳ್ಳಿಗೆ ಹೋಗಿದ್ದರು, ಯಾರ ಮನೆಯಲ್ಲಿ ಮೊದಲ ಕೂಟ ನಡೆಯಿತು, ಯಾವ ಹಾಡು ಹಾಡುತ್ತಿದ್ದರು ಅಂತ ರೆಕಾರ್ಡ್ ಮಾಡಿಕೊಳ್ಳಿ. ಮುಂದಿನ ವರ್ಷ ಸಭೆಯ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ ಜಾಹೀರಾತು ಹುಡುಕುವ ಮೊದಲು ಇದನ್ನು ಮಾಡಿ.

ಪ್ರಶ್ನೆ: ನಮ್ಮ ಪಾಸ್ಟರ್ ಬಂಗಾರದಂಥ ಮನುಷ್ಯ. ಆದರೆ ಪ್ರಸಂಗ ಒಂದು ಗಂಟೆ ದಾಟುತ್ತದೆ. ಗೌರವ ಕೆಡದ ಹಾಗೆ ಹೇಗೆ ಹೇಳಲಿ? – ಓದುಗರು, ದಾವಣಗೆರೆ

ಉತ್ತರ: ತ್ರೋವದಲ್ಲಿ ಪೌಲ ಮಧ್ಯರಾತ್ರಿಯವರೆಗೆ ಮಾತಾಡಿದ. ಕಿಟಕಿಯಲ್ಲಿ ಕೂತಿದ್ದ ಯೂತಿಖ ಎಂಬ ಹುಡುಗ ನಿದ್ದೆಗೆ ಜಾರಿ ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದ. ಪೌಲ ಇಳಿದು ಹೋಗಿ ಅವನನ್ನು ತಬ್ಬಿಕೊಂಡು, ಜೀವ ಇದೆ ಅಂದು, ಮೇಲೆ ಬಂದು, ರೊಟ್ಟಿ ಮುರಿದು ತಿಂದು, ಬೆಳಗಾಗುವ ತನಕ ಮತ್ತೆ ಮಾತಾಡಿದ! ಆದ್ದರಿಂದ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಆದರೂ ಹೇಳಿ, ಒಬ್ಬರೇ ಸಿಕ್ಕಾಗ ಹೇಳಿ, ಬೇರೆಯವರ ಬಾಯಿಂದ ಹೇಳಿಸಬೇಡಿ. ಹೇಳುವ ಮೊದಲು ಅವತ್ತಿನ ಪ್ರಸಂಗದಲ್ಲಿ ಮನಸ್ಸಿಗೆ ಹಿಡಿಸಿದ ಒಂದು ಮಾತನ್ನು ನೆನಪಿಸಿ. ಅದಕ್ಕಾದರೂ ನೀವು ಎಚ್ಚರವಾಗಿರಬೇಕಾಗುತ್ತದೆ.